ಹದಿನಾಲ್ಕು ರಿವ್ಯೂ ಕಾಮೆಂಟ್ ಬಂದಿವೆ, ಈಗೇನು ಮಾಡೋದು?

ಪ್ರಶ್ನೆ: ಪೋಸ್ಟ್‌ಗ್ರೆಸ್ ಅನ್ನುವ ಓಪನ್ ಸೋರ್ಸ್ ಡೇಟಾಬೇಸ್‌ಗೆ ನನ್ನ ಮೊದಲ ಪ್ಯಾಚ್ (ಕೋಡ್ ಬದಲಾವಣೆ) ಕಳಿಸಿದೆ. ಒಂದೊಂದು ಟೇಬಲ್ ಮೇಲೂ ಆಟೊವ್ಯಾಕ್ಯೂಮ್ (ಅಳಿಸಿದ, ಬದಲಿಸಿದ ಸಾಲುಗಳ ಹಳೇ ಪ್ರತಿಗಳನ್ನು ತಾನಾಗಿ ಗುಡಿಸುವ ಕೆಲಸ) ಎಷ್ಟು ಸಲ ಅರ್ಧಕ್ಕೇ ರದ್ದಾಯಿತು ಅಂತ ಎಣಿಸಿ, ಟೇಬಲ್‌ಗಳ ಅಂಕಿಅಂಶ ತೋರಿಸುವ ಪಿಜಿ_ಸ್ಟ್ಯಾಟ್_ಆಲ್_ಟೇಬಲ್ಸ್ ವ್ಯೂನಲ್ಲಿ ಹೊಸ ಕಾಲಂ ಆಗಿ ತೋರಿಸುವ ಪ್ಯಾಚ್ ಅದು. ಇಬ್ಬರು ರಿವ್ಯೂ ಮಾಡಿದ್ದಾರೆ. ಮೊದಲನೆಯವರು 14 ಅಂಶ ಬರೆದಿದ್ದಾರೆ. ಅದರಲ್ಲಿ ಅರ್ಧ ಬರೀ ಹೆಸರು, ಇಂಡೆಂಟೇಶನ್, ಕಾಮೆಂಟ್ ಬಗ್ಗೆ. ಎಣಿಕೆಯನ್ನು ಬೇರೆ ಕಡೆ ಮಾಡಿ ಅಂದಿದ್ದಾರೆ, ಟೆಸ್ಟ್ ನಂಬುವ ಹಾಗಿಲ್ಲ ಅಂತಲೂ ಹೇಳಿದ್ದಾರೆ. ಎರಡನೆಯವರು "ಈ ಮಾಹಿತಿ ಲಾಗ್‌ನಲ್ಲೇ ಸಿಗುತ್ತದಲ್ಲ, ಕಾಲಂ ಯಾಕೆ?" ಅಂತ ಕೇಳಿದ್ದಾರೆ. ಎಲ್ಲಕ್ಕೂ ಹೂಂ ಅನ್ನಬೇಕಾ? ಒಪ್ಪದಿದ್ದರೆ ಹೇಗೆ ಹೇಳುವುದು? ಎರಡು ವಾರ ಆಯಿತು, ಇನ್ನೂ ಉತ್ತರ ಬರೆದಿಲ್ಲ.

ಉತ್ತರ: ಮೊದಲು ಆ ಎರಡು ವಾರದ ವಿಷಯ ಮುಗಿಸಿಬಿಡೋಣ. ಪ್ಯಾಚ್ ಚರ್ಚೆ ನಡೆಯುವ ಮೇಲಿಂಗ್ ಲಿಸ್ಟ್‌ಗೆ ಇವತ್ತೇ ಒಂದು ಸಾಲು ಬರೆಯಿರಿ: "ಇಬ್ಬರಿಗೂ ಧನ್ಯವಾದ, ಎಲ್ಲ ಓದಿದ್ದೇನೆ, ಹೊಸ ವರ್ಷನ್ ತಯಾರು ಮಾಡುತ್ತಿದ್ದೇನೆ." ಅಷ್ಟು ಸಾಕು. ತಡವಾದದ್ದಕ್ಕೆ ಉದ್ದುದ್ದ ಕ್ಷಮೆ ಬೇಡ, ಯಾರೂ ಲೆಕ್ಕ ಇಟ್ಟುಕೊಂಡಿರುವುದಿಲ್ಲ. ಆದರೆ ಸದ್ದೇ ಇಲ್ಲದಿದ್ದರೆ "ಇವರು ಬಿಟ್ಟುಬಿಟ್ಟರು" ಅಂದುಕೊಂಡು ಅವರು ಬೇರೆ ಪ್ಯಾಚ್ ಕಡೆ ಹೋಗುತ್ತಾರೆ. ಮತ್ತೆ ಅವರ ಗಮನ ಎಳೆಯುವುದು ಕಷ್ಟ. ಇನ್ನು 14 ಅಂಶ ಅಂತ ಗಾಬರಿಯಾಗಬೇಡಿ. ಯಾರೋ ಪುಣ್ಯಾತ್ಮರು ಕೂತು ನಿಮ್ಮ ಪ್ಯಾಚನ್ನು ಸಾಲು ಸಾಲಾಗಿ ಓದಿದ್ದಾರೆ. ತಿಂಗಳುಗಟ್ಟಲೆ ಒಂದು ಉತ್ತರವೂ ಬರದ ಪ್ಯಾಚ್‌ಗಳು ಬೇಕಾದಷ್ಟಿವೆ. ಅಂಥದ್ದನ್ನು ಬರೆದವರನ್ನು ಕೇಳಿ, ನಿಮ್ಮ ಪಾಡೇ ವಾಸಿ ಅನ್ನುತ್ತಾರೆ.

ಎಲ್ಲಕ್ಕೂ ಹೂಂ ಅನ್ನಬೇಕಿಲ್ಲ. ಎಲ್ಲಕ್ಕೂ ಉತ್ತರ ಮಾತ್ರ ಬೇಕು, ಮತ್ತು ಆ ಉತ್ತರ ಕೊನೆಗೆ ಪ್ಯಾಚ್ ಒಳಗೇ ಎಲ್ಲಾದರೂ ಕೂತಿರಬೇಕು. ಕೋಡ್‌ನಲ್ಲೋ, ಕೋಡ್ ಪಕ್ಕದ ಕಾಮೆಂಟ್‌ನಲ್ಲೋ, ಟೆಸ್ಟ್‌ನಲ್ಲೋ, ಡಾಕ್ಯುಮೆಂಟೇಶನ್‌ನಲ್ಲೋ, ಏನೂ ಇಲ್ಲದಿದ್ದರೆ ಕಮಿಟ್ ಮೆಸೇಜ್‌ನಲ್ಲೋ (ಬದಲಾವಣೆಯ ಜೊತೆ ಹೋಗುವ ವಿವರಣೆ). ಹೊಸಬರು ಎಡವುವುದು ಇಲ್ಲೇ. ರಿವ್ಯೂ ಮಾಡಿದವರು "ಇಲ್ಲಿ ಲಾಕ್ ಯಾಕೆ ಬೇಡ?" ಅಂತ ಕೇಳುತ್ತಾರೆ, ಇವರು ಮೇಲ್‌ನಲ್ಲಿ ಚೆನ್ನಾಗಿ ಮೂರು ಪ್ಯಾರಾ ವಿವರಿಸುತ್ತಾರೆ, ಕೇಳಿದವರಿಗೆ ಸಮಾಧಾನವೂ ಆಗುತ್ತದೆ. ಪ್ಯಾಚ್ ಮಾತ್ರ ಇದ್ದ ಹಾಗೇ ಇರುತ್ತದೆ. ಆರು ತಿಂಗಳಾದ ಮೇಲೆ ಕಮಿಟರ್ (ಪ್ಯಾಚನ್ನು ಮೂಲ ಕೋಡ್‌ಗೆ ಸೇರಿಸುವ ಅಧಿಕಾರ ಇರುವವರು) ಒಬ್ಬರು ಅದೇ ಸಾಲನ್ನು ಓದಿ ಅದೇ ಪ್ರಶ್ನೆ ಕೇಳುತ್ತಾರೆ. ಒಬ್ಬ ಜಾಣ ಓದುಗನಿಗೆ ಅನುಮಾನ ಬಂತು ಅಂದರೆ ಮುಂದಿನವನಿಗೂ ಬರುತ್ತದೆ ಅಲ್ವಾ? ಹಾಗಾಗಿ ಆ ಮೂರು ಪ್ಯಾರಾದ ಸಾರವನ್ನು ಎರಡು ಸಾಲಿನ ಕಾಮೆಂಟ್ ಮಾಡಿ ಅಲ್ಲೇ ಇಡಿ. ಆಮೇಲೆ ಮೇಲ್‌ನಲ್ಲಿ "ಕಾಮೆಂಟ್ ಸೇರಿಸಿದ್ದೇನೆ, ನೋಡಿ" ಅಂದರೆ ಸಾಕು.

ಯಾವುದರಿಂದ ಶುರು ಮಾಡಬೇಕು? ನಾನಾದರೆ ಎರಡನೆಯವರಿಂದ. ಅವರದು ಒಂದೇ ಸಾಲು, ಆದರೆ ಎಲ್ಲಕ್ಕಿಂತ ಭಾರವಾದದ್ದು. ಈ ಕಾಲಂ ಬೇಡ ಅಂತ ತೀರ್ಮಾನವಾದರೆ ಉಳಿದ 14ಕ್ಕೂ ಕೆಲಸವೇ ಇಲ್ಲ. ಸಾಮಾನ್ಯವಾಗಿ ಜನ ಇದರ ಉಲ್ಟಾ ಮಾಡುತ್ತಾರೆ. ಇಂಡೆಂಟೇಶನ್ ಸರಿ ಮಾಡುವುದು ಸುಲಭ, ಹಾಗಾಗಿ ಅದನ್ನು ಮಾಡಿ ಎರಡನೇ ವರ್ಷನ್ ಕಳಿಸಿ "ಯಾಕೆ ಬೇಕು" ಅನ್ನುವುದನ್ನು ಮೆಲ್ಲಗೆ ದಾಟಿಬಿಡುತ್ತಾರೆ. ಅದು ಹೋಗುವುದಿಲ್ಲ. ಕಮಿಟ್ ಆದ ಮೇಲೂ ವಾಪಸ್ ಬರುತ್ತದೆ. ಇನ್ಸರ್ಟ್, ಅಪ್‌ಡೇಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಮಾಡುವ ಮರ್ಜ್ ಕಮಾಂಡ್ ಕಥೆ ನೋಡಿ. 2018ರ ಏಪ್ರಿಲ್‌ನಲ್ಲಿ ಅದು ಪೋಸ್ಟ್‌ಗ್ರೆಸ್ 11ಕ್ಕೆ ಕಮಿಟ್ ಆಯಿತು. ಡಿಸೈನ್ ಬಗ್ಗೆ ಗಟ್ಟಿಯಾದ ಆಕ್ಷೇಪಗಳು ಬಂದವು, ಅದೇ ತಿಂಗಳಲ್ಲಿ ವಾಪಸ್ ತೆಗೆದರು. ಕೊನೆಗೆ ಅದು ಬಂದದ್ದು 15ರಲ್ಲಿ, 2022ಕ್ಕೆ. ನಿಮ್ಮದು ಅಷ್ಟು ದೊಡ್ಡದಲ್ಲ, ನಿಜ. ಆದರೆ ಮೂಲದ ಪ್ರಶ್ನೆ ಬಾಕಿ ಇದ್ದರೆ ಉಳಿದ ಕೆಲಸಕ್ಕೆ ಬೆಲೆ ಇಲ್ಲ ಅನ್ನುವುದು ಸಣ್ಣ ಪ್ಯಾಚ್‌ಗೂ ಅಷ್ಟೇ ನಿಜ.

ಸರಿ, "ಲಾಗ್‌ನಲ್ಲೇ ಇದೆಯಲ್ಲ" ಅನ್ನುವುದಕ್ಕೆ ಏನು ಹೇಳುವುದು? "ಇದ್ದರೆ ಅನುಕೂಲ" ಅನ್ನಬೇಡಿ. ಪ್ರತಿ ಕಾಲಮ್ಮೂ ಯಾರಿಗೋ ಅನುಕೂಲವೇ. ಒಬ್ಬ ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವನು) ಈ ಸಂಖ್ಯೆ ನೋಡಿ ಯಾವ ಕೆಲಸವನ್ನು ಬೇರೆ ರೀತಿ ಮಾಡುತ್ತಾನೆ ಅನ್ನುವುದನ್ನು ತೋರಿಸಿ. ನಿಮ್ಮ ವಿಷಯದಲ್ಲಿ ಅದು ಕಷ್ಟವೇನಲ್ಲ. ವ್ಯಾಕ್ಯೂಮ್ ಹಿಡಿಯುವುದು ಶೇರ್ ಅಪ್‌ಡೇಟ್ ಎಕ್ಸ್‌ಕ್ಲೂಸಿವ್ ಲಾಕ್. ಮಾಮೂಲಿ ಸೆಲೆಕ್ಟ್, ಇನ್ಸರ್ಟ್ ಇದಕ್ಕೆ ಅಡ್ಡ ಬರುವುದಿಲ್ಲ. ಆದರೆ ಆಲ್ಟರ್ ಟೇಬಲ್, ಕ್ರಿಯೇಟ್ ಇಂಡೆಕ್ಸ್, ಅಷ್ಟೇ ಯಾಕೆ, ಕೈಯಾರೆ ಓಡಿಸುವ ಅನಲೈಜ್ ಕೂಡ ಅಡ್ಡ ಬರುತ್ತದೆ. ಅಂಥದ್ದೊಂದು ಬಂದು ಲಾಕ್‌ಗೆ ಕಾಯುತ್ತಾ ನಿಂತರೆ, ಡೆಡ್‌ಲಾಕ್_ಟೈಮ್‌ಔಟ್ ಮುಗಿದ ಮೇಲೆ, ಅಂದರೆ ಡಿಫಾಲ್ಟ್ ಪ್ರಕಾರ 1 ಸೆಕೆಂಡ್ ಆದ ಮೇಲೆ, ತನ್ನ ದಾರಿಗೆ ಅಡ್ಡ ಇರುವುದು ಆಟೊವ್ಯಾಕ್ಯೂಮ್ ಅಂತ ಗೊತ್ತಾದರೆ ಅದಕ್ಕೆ ಸಿಗ್ನಲ್ ಕಳಿಸಿ ರದ್ದು ಮಾಡಿಸುತ್ತದೆ. ಈಗ ಯಾವುದೋ ಸ್ಕ್ರಿಪ್ಟ್ ಐದು ನಿಮಿಷಕ್ಕೊಮ್ಮೆ ಆ ಟೇಬಲ್ ಮೇಲೆ ಅನಲೈಜ್ ಓಡಿಸುತ್ತಿದೆ ಅಂದುಕೊಳ್ಳಿ. ಟೇಬಲ್ ದೊಡ್ಡದು, ವ್ಯಾಕ್ಯೂಮ್‌ಗೆ ಅರ್ಧ ಗಂಟೆ ಬೇಕು. ಅದು ಮುಗಿಯುವುದೇ ಇಲ್ಲ. ಸತ್ತ ಸಾಲುಗಳು ರಾಶಿ ಬೀಳುತ್ತವೆ, ಟೇಬಲ್ ಊದಿಕೊಳ್ಳುತ್ತದೆ. ಕೊನೆಗೆ ಟೇಬಲ್‌ನ ವಯಸ್ಸು ಫ್ರೀಜ್ ಮಿತಿ ದಾಟಿದಾಗ, ಡಿಫಾಲ್ಟ್ ಪ್ರಕಾರ 20 ಕೋಟಿ ಟ್ರಾನ್ಸಾಕ್ಷನ್, ವ್ರ್ಯಾಪ್‌ಅರೌಂಡ್ (ಟ್ರಾನ್ಸಾಕ್ಷನ್ ಸಂಖ್ಯೆಗಳು ಮುಗಿದು ಮತ್ತೆ ಮೊದಲಿಂದ ಶುರುವಾಗುವುದು) ತಡೆಯುವ ವ್ಯಾಕ್ಯೂಮ್ ಶುರುವಾಗುತ್ತದೆ. ಅದು ಹೀಗೆಲ್ಲ ದಾರಿ ಬಿಡುವುದಿಲ್ಲ, ಆಗ ಕಾಯುವ ಸರದಿ ಆ ಸ್ಕ್ರಿಪ್ಟ್‌ನದು. ಲಾಗ್‌ನಲ್ಲಿ ಇದೆಲ್ಲ ಬಿಡಿ ಬಿಡಿ ಸಾಲುಗಳಾಗಿ ಬಿದ್ದಿರುತ್ತದೆ. ಲಾಗ್ ಓದಲು ಅನುಮತಿಯೇ ಇಲ್ಲದವರು ಬಹಳ ಜನ ಇದ್ದಾರೆ, ಮಾನಿಟರಿಂಗ್ ಟೂಲ್‌ಗಳು ಹೆಚ್ಚಾಗಿ ಓದುವುದು ವ್ಯೂಗಳನ್ನು. "ಈ ಟೇಬಲ್‌ನಲ್ಲಿ ಆಟೊವ್ಯಾಕ್ಯೂಮ್ ಮುಗಿದದ್ದು 2 ಸಲ, ರದ್ದಾದದ್ದು 300 ಸಲ" ಅಂತ ಒಂದೇ ಸಾಲಿನಲ್ಲಿ ಕಂಡರೆ ಯಾರನ್ನು ಹುಡುಕಬೇಕು ಅಂತ ತಕ್ಷಣ ಗೊತ್ತಾಗುತ್ತದೆ.

ಇದನ್ನು ಹೀಗೇ ಬರೆಯಿರಿ. ಸಾಧ್ಯವಾದರೆ ಎರಡು ಸೆಷನ್ ತೆರೆದು ಯಾರು ಬೇಕಾದರೂ ಓಡಿಸಿ ನೋಡುವ ಸಣ್ಣ ಸ್ಕ್ರಿಪ್ಟ್ ಜೊತೆಗಿಡಿ. ಆಮೇಲೆ ಇದರ ನಾಲ್ಕು ಸಾಲಿನ ರೂಪ ಕಮಿಟ್ ಮೆಸೇಜ್‌ಗೆ ಹೋಗಲಿ. ಇಷ್ಟಾದ ಮೇಲೂ ಅವರು ಒಪ್ಪದೇ ಇರಬಹುದು, ಆದರೆ ಮೂರನೆಯವರು ಓದಿದಾಗ ಎರಡೂ ಕಡೆಯ ಮಾತು ಎದುರಿಗಿರುತ್ತದೆ. ತೀರ್ಮಾನ ಮಾಡುವವರು ಅವರೇ ತಾನೆ.

ಅದೇ ಉತ್ತರದಲ್ಲಿ ಇನ್ನೊಂದು ಪ್ರಶ್ನೆಯನ್ನೂ ಮುಗಿಸಿಬಿಡಿ, ಅವರು ಕೇಳದಿದ್ದರೂ ಯಾರಾದರೂ ಕೇಳೇ ಕೇಳುತ್ತಾರೆ: ಖರ್ಚೆಷ್ಟು? ಪೋಸ್ಟ್‌ಗ್ರೆಸ್ 15ರಿಂದ ಈ ಅಂಕಿಅಂಶಗಳೆಲ್ಲ ಶೇರ್ಡ್ ಮೆಮೊರಿಯಲ್ಲಿವೆ. ಹೊಸ ಕೌಂಟರ್ ಅಂದರೆ ಟೇಬಲ್‌ಗೆ 8 ಬೈಟ್. ಲಕ್ಷ ಟೇಬಲ್ ಇರುವ ಡೇಟಾಬೇಸ್‌ನಲ್ಲಿ 8 ಲಕ್ಷ ಬೈಟ್, ಒಂದು ಎಂಬಿ ಕೂಡ ಇಲ್ಲ. ಎಣಿಕೆ ನಡೆಯುವುದು ರದ್ದಾದಾಗ ಮಾತ್ರ, ಹಾಗಾಗಿ ಮಾಮೂಲಿ ಕ್ವೆರಿಗಳ ವೇಗಕ್ಕೆ ಏನೂ ಆಗುವುದಿಲ್ಲ. "ಖರ್ಚು ಜಾಸ್ತಿ ಇಲ್ಲ" ಅನ್ನುವುದಕ್ಕೂ ಈ ಲೆಕ್ಕಕ್ಕೂ ಇರುವ ಅಂತರ ನೋಡಿ. ಮೊದಲನೆಯದನ್ನು ಓದಿದವರು ನಿಮ್ಮನ್ನು ನಂಬಬೇಕು, ಎರಡನೆಯದನ್ನು ಅವರೇ ಗುಣಿಸಿ ನೋಡಬಹುದು. (ವೇಗ ಅಳೆಯುವ ಪಿಜಿಬೆಂಚ್ ಓಡಿಸಿ ಗ್ರಾಫ್ ಹಾಕಬೇಕಾ? ಈ ಪ್ಯಾಚ್‌ಗೆ ಬೇಡ. ಪ್ರತಿ ಕ್ವೆರಿ ಹಾದುಹೋಗುವ ಜಾಗವನ್ನು ಮುಟ್ಟಿದ್ದರೆ ಬೇಕಿತ್ತು.)

ಈಗ ಮೊದಲನೆಯವರ 14. ಇದರಲ್ಲಿ ಅರ್ಧ ಸುಮ್ನೆ ಮಾಡಿ ಮುಗಿಸುವಂಥದ್ದು. ಇಂಡೆಂಟೇಶನ್‌ಗೆ ಪಿಜಿಇಂಡೆಂಟ್ ಓಡಿಸಿ, ಚರ್ಚೆ ಬೇಡ. ಎರರ್ ಮೆಸೇಜ್‌ನ ಮುಖ್ಯ ಸಾಲು ಸಣ್ಣ ಅಕ್ಷರದಿಂದ ಶುರುವಾಗಬೇಕು, ಕೊನೆಗೆ ಚುಕ್ಕಿ ಇರಬಾರದು, ಡೀಟೇಲ್ ಮತ್ತು ಹಿಂಟ್ ಮಾತ್ರ ಪೂರ್ತಿ ವಾಕ್ಯ. ಇದು ಲಿಖಿತ ನಿಯಮ, ಯಾರದೋ ಇಷ್ಟಾನಿಷ್ಟ ಅಲ್ಲ. ಹೊಸ ಫಂಕ್ಷನ್‌ಗೆ ಓಐಡಿಯನ್ನು (ಪೋಸ್ಟ್‌ಗ್ರೆಸ್ ಒಳಗಿನ ಗುರುತಿನ ಸಂಖ್ಯೆ) 8000ದಿಂದ 9999ರ ಒಳಗೆ ಆರಿಸಿ, ಅದಕ್ಕೆ ಅನ್‌ಯೂಸ್ಡ್_ಓಐಡಿಸ್ ಅನ್ನುವ ಸ್ಕ್ರಿಪ್ಟೇ ಇದೆ. ವ್ಯೂ ಬದಲಾದ್ದರಿಂದ ರಿಗ್ರೆಷನ್ ಟೆಸ್ಟ್‌ನ ರೂಲ್ಸ್ ಫೈಲ್‌ನ ನಿರೀಕ್ಷಿತ ಔಟ್‌ಪುಟ್ ಬದಲಾಗಬೇಕು. ಕ್ಯಾಟಲಾಗ್ (ಪೋಸ್ಟ್‌ಗ್ರೆಸ್‌ನ ಒಳಗಿನ ಟೇಬಲ್‌ಗಳು) ವರ್ಷನ್ ಸಂಖ್ಯೆಯನ್ನು ಪ್ಯಾಚ್‌ನಲ್ಲಿ ನೀವು ಏರಿಸಬೇಡಿ, ಬೇರೆಯವರ ಕಮಿಟ್ ಆ ಸಂಖ್ಯೆ ಬದಲಿಸಿದಾಗಲೆಲ್ಲ ಪ್ಯಾಚ್ ಅಲ್ಲೇ ಮುರಿದುಬೀಳುತ್ತದೆ. ಕಮಿಟ್ ಮೆಸೇಜ್‌ನಲ್ಲಿ "ಕ್ಯಾಟಲಾಗ್ ವರ್ಷನ್ ಏರಿಸಬೇಕು" ಅಂತ ಒಂದು ನೆನಪಿನ ಸಾಲು ಹಾಕಿ, ಕಮಿಟರ್ ನೋಡಿಕೊಳ್ಳುತ್ತಾರೆ. ಇವುಗಳಿಗೆಲ್ಲ ಉತ್ತರ ಒಂದೇ ಪದ: "ಮಾಡಿದೆ." ಇಂಥ ಸಣ್ಣಪುಟ್ಟದ್ದಕ್ಕೆ ಯಾಕಿಷ್ಟು ಪಟ್ಟು ಅನ್ನಿಸುತ್ತದೆ ಅಲ್ವಾ? ಪ್ರತಿ ಮೇಜರ್ ವರ್ಷನ್‌ಗೂ 5 ವರ್ಷ ಸಪೋರ್ಟ್ ಇದೆ. ಅಷ್ಟು ಕಾಲ ನಿಮ್ಮ ಸಾಲುಗಳನ್ನು ನೋಡಿಕೊಳ್ಳುವುದು ಹೆಚ್ಚಾಗಿ ನೀವಲ್ಲ, ಬೇರೆ ಯಾರೋ.

ಹೆಸರಿನ ಬಗ್ಗೆ ಜಗಳಕ್ಕೆ ಹೋಗಬೇಡಿ. ಆ ವ್ಯೂನಲ್ಲಿ ಆಗಲೇ ಆಟೊವ್ಯಾಕ್ಯೂಮ್_ಕೌಂಟ್, ಲಾಸ್ಟ್_ಆಟೊವ್ಯಾಕ್ಯೂಮ್ ಇವೆ. ಅದೇ ಧಾಟಿಯಲ್ಲಿ ಹೋಗುವ ಹೆಸರಿಟ್ಟು "ಪಕ್ಕದ ಕಾಲಂಗಳ ಹಾಗೇ ಇಟ್ಟಿದ್ದೇನೆ, ಕಮಿಟರ್‌ಗೆ ಬೇರೆ ಇಷ್ಟವಿದ್ದರೆ ಬದಲಿಸಬಹುದು" ಅಂದುಬಿಡಿ. ಹೆಸರಿನ ಚರ್ಚೆಯಲ್ಲಿ ಗೆದ್ದವರಿಗೆ ಏನೂ ಸಿಗುವುದಿಲ್ಲ.

ನಿಜವಾದ ಸರಕು ಇರುವುದು ಎಣಿಕೆ ಎಲ್ಲಿ ಅನ್ನುವ ಪ್ರಶ್ನೆಯಲ್ಲಿ. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಆಟೊವ್ಯಾಕ್ಯೂಮ್ ವರ್ಕರ್ (ಆ ಕೆಲಸ ಮಾಡುವ ಪ್ರೋಸೆಸ್) ಪ್ರತಿ ಟೇಬಲ್‌ನ ಕೆಲಸವನ್ನು, ಎರರ್ ಬಂದರೆ ಹಿಡಿಯಲು, ಒಂದು ಪಿಜಿ_ಟ್ರೈ ಬ್ಲಾಕ್ ಒಳಗೆ ಮಾಡುತ್ತದೆ. ತಪ್ಪಾದರೆ ಪಿಜಿ_ಕ್ಯಾಚ್‌ಗೆ ಬರುತ್ತದೆ. ಅಲ್ಲಿ ಎರರನ್ನು ಲಾಗ್‌ಗೆ ಬರೆದು, ಟ್ರಾನ್ಸಾಕ್ಷನ್ ಅಬಾರ್ಟ್ ಮಾಡಿ, ಹೊಸದನ್ನು ಶುರು ಮಾಡಿ, ಮುಂದಿನ ಟೇಬಲ್‌ಗೆ ಹೋಗುತ್ತದೆ. ನೀವು ಕೌಂಟರನ್ನು ಆ ಕ್ಯಾಚ್ ಒಳಗೆ ಏರಿಸಿದ್ದೀರಿ ಅಂತ ಇಟ್ಟುಕೊಳ್ಳೋಣ, ಯಾರಾದರೂ ಮೊದಲು ಅಲ್ಲೇ ಕೈ ಹಾಕುವುದು. ಆದರೆ ಆ ಕ್ಯಾಚ್‌ಗೆ ಎಲ್ಲ ಎರರೂ ಬರುತ್ತವೆ. ಡಿಸ್ಕ್ ತುಂಬಿದ್ದು, ಪೇಜ್ ಕೆಟ್ಟಿದ್ದು, ಎಕ್ಸ್‌ಪ್ರೆಷನ್ ಇಂಡೆಕ್ಸ್‌ನ ಫಂಕ್ಷನ್ ಸೊನ್ನೆಯಿಂದ ಭಾಗಿಸಿದ್ದು, ಎಲ್ಲ. ಅವನ್ನೂ "ರದ್ದು" ಅಂತ ಎಣಿಸಿದರೆ ನಿಮ್ಮ ಕಾಲಂ ಸುಳ್ಳು ಹೇಳುತ್ತದೆ. ಎರರ್ ಕೋಡ್ ಕ್ವೆರಿ ಕ್ಯಾನ್ಸಲ್‌ನದೇ ಅಂತ ನೋಡಿ ಎಣಿಸಬೇಕು. ಮೊದಲನೆಯವರು "ಎಣಿಕೆ ತಪ್ಪಾಗುತ್ತದೆ, ಸಿಗ್ನಲ್ ಕಳಿಸುವ ಕಡೆ ಎಣಿಸಿ" ಅಂದಿದ್ದರೆ, ಅವರ ದೂರು ಸರಿ. ಅವರು ಕೊಟ್ಟ ಪರಿಹಾರ ಸರಿಯಾ?

ಇಲ್ಲಿ ಸ್ವಲ್ಪ ನಿಲ್ಲಿ. ರಿವ್ಯೂನಲ್ಲಿ ದೂರು ಮತ್ತು ಸಲಹೆ ಒಟ್ಟಿಗೆ ಅಂಟಿಕೊಂಡು ಬರುತ್ತವೆ. ದೂರಿನ ಬಗ್ಗೆ ಅವರು ನೂರಕ್ಕೆ ತೊಂಬತ್ತು ಸಲ ಸರಿ ಇರುತ್ತಾರೆ, ಯಾಕೆಂದರೆ ಓದುವಾಗ ಏನೋ ಕಾಲಿಗೆ ತೊಡರಿತು ಅನ್ನುವುದು ಸುಳ್ಳಾಗುವುದು ಕಡಿಮೆ. ಸಲಹೆಯ ಬಗ್ಗೆ ಹಾಗೆ ಹೇಳಲಾಗುವುದಿಲ್ಲ. ಅವರು ಹತ್ತು ನಿಮಿಷ ಯೋಚಿಸಿರುತ್ತಾರೆ, ನೀವು ಆ ಫೈಲ್‌ನಲ್ಲಿ ವಾರಗಟ್ಟಲೆ ಇದ್ದೀರಿ. ಸಿಗ್ನಲ್ ಕಳಿಸುವ ಕಡೆ ಎಣಿಸಿದರೆ ಏನಾಗುತ್ತದೆ? ಸಿಗ್ನಲ್ ತಲುಪುವಷ್ಟರಲ್ಲಿ ವ್ಯಾಕ್ಯೂಮ್ ಆ ಟೇಬಲ್ಲನ್ನು ಮುಗಿಸಿರಬಹುದು. ಹಾಗಾಗುತ್ತದೆ ಅಂತ ಈಗಿನ ಕೋಡ್‌ಗೂ ಗೊತ್ತು: ಟೇಬಲ್ ಮುಗಿದ ಕೂಡಲೇ ವರ್ಕರ್ ಬಾಕಿ ಉಳಿದ ಕ್ಯಾನ್ಸಲ್ ಸೂಚನೆಯನ್ನು ಬೇಕಂತಲೇ ಅಳಿಸಿಹಾಕುತ್ತದೆ, ಇಲ್ಲದಿದ್ದರೆ ತಡವಾಗಿ ಬಂದ ಸಿಗ್ನಲ್ ಮುಂದಿನ ಟೇಬಲ್‌ನ ಕೆಲಸವನ್ನು ಸುಮ್ನೆ ಕೆಡಿಸುತ್ತಿತ್ತು. ಅಂದರೆ ಕಳಿಸಿದ ಸಿಗ್ನಲ್‌ಗಳನ್ನು ಎಣಿಸಿದರೆ, ರದ್ದೇ ಆಗದ ವ್ಯಾಕ್ಯೂಮ್‌ಗಳೂ ಲೆಕ್ಕಕ್ಕೆ ಸೇರುತ್ತವೆ.

ಈಗ ನಿಮ್ಮ ಉತ್ತರ ತಾನಾಗಿ ಬರುತ್ತದೆ. ನಾನಾದರೆ ಹೀಗೆ ಬರೆಯುತ್ತೇನೆ: "ಹೌದು, ಮೊದಲ ವರ್ಷನ್ ಬೇರೆ ಎರರ್‌ಗಳನ್ನೂ ಎಣಿಸುತ್ತಿತ್ತು, ಈಗ ಎರರ್ ಕೋಡ್ ನೋಡಿ ಎಣಿಸುತ್ತದೆ. ಕಳಿಸುವ ಕಡೆ ಎಣಿಸುವುದನ್ನೂ ನೋಡಿದೆ. ವ್ಯಾಕ್ಯೂಮ್ ಮುಗಿದ ಮೇಲೆ ಬಂದ ಸಿಗ್ನಲನ್ನು ವರ್ಕರ್ ಬಿಸಾಡುತ್ತದೆ, ಹಾಗಾಗಿ ಅಲ್ಲಿ ಎಣಿಸಿದರೆ ಸಂಖ್ಯೆ ಜಾಸ್ತಿ ಬರುತ್ತದೆ. ಇದನ್ನು ಕಾಮೆಂಟ್‌ನಲ್ಲಿ ಬರೆದಿದ್ದೇನೆ. ನನ್ನ ಗಮನಕ್ಕೆ ಬಾರದ್ದು ಏನಾದರೂ ಇದ್ದರೆ ತಿಳಿಸಿ." ಒಪ್ಪಿದ್ದು ಮೊದಲು, ಒಪ್ಪದ್ದು ಆಮೇಲೆ, ಒಪ್ಪದ್ದಕ್ಕೆ ಕೋಡ್‌ನದೇ ಸಾಕ್ಷಿ. ಇಲ್ಲಿ "ನಿಮಗೆ ಅರ್ಥವಾಗಿಲ್ಲ" ಅನ್ನುವ ದನಿಗೆ ಜಾಗವೇ ಇಲ್ಲ. ಅವರಿಗೆ ಅರ್ಥವಾಗದಿದ್ದರೆ ಕೋಡ್ ಅಥವಾ ಕಾಮೆಂಟ್ ಸಾಲದು ಅಂತ ತಿಳಿಯಿರಿ.

ಉತ್ತರ ಬರೆಯುತ್ತಾ ಹೋದ ಹಾಗೆ ಅವರು ಕೇಳದ ಮೂಲೆಗಳೂ ಕಾಣುತ್ತವೆ, ಅವನ್ನು ನೀವೇ ಎತ್ತಿ ಹೇಳಿ. ಒಂದು, ಯಾರಾದರೂ ಪಿಜಿ_ಕ್ಯಾನ್ಸಲ್_ಬ್ಯಾಕೆಂಡ್ ಕರೆದು ವರ್ಕರನ್ನು ಕೈಯಾರೆ ನಿಲ್ಲಿಸಿದರೂ ಬರುವುದು ಅದೇ ಸಿಗ್ನಲ್, ಅದೇ ಎರರ್ ಕೋಡ್, ಲಾಗ್‌ನಲ್ಲೂ ಅದೇ ಸಾಲು. ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ. ಹಾಗಾದರೆ ಡಾಕ್ಯುಮೆಂಟೇಶನ್‌ನಲ್ಲಿ "ಲಾಕ್ ಕಾರಣಕ್ಕೆ ರದ್ದಾದದ್ದು" ಅಂತ ಬರೆಯಬಾರದು, ಬರೀ "ರದ್ದಾದದ್ದು" ಅನ್ನಬೇಕು. ಇನ್ನೊಂದು, ವ್ಯಾಕ್ಯೂಮ್‌ನ ಕೊನೆಯಲ್ಲಿ ಟೇಬಲ್ ಫೈಲ್‌ನ ಖಾಲಿ ಬಾಲವನ್ನು ಕತ್ತರಿಸುವ ಹಂತ ಇದೆ. ಅಲ್ಲಿ ಬೇರೆಯವರು ಕಾಯುತ್ತಿದ್ದಾರಾ ಅಂತ ಅದು ತಾನೇ ಆಗಾಗ ನೋಡಿಕೊಂಡು ಲಾಕ್ ಬಿಟ್ಟುಕೊಡುತ್ತದೆ. ಅದು ಎರರ್ ಅಲ್ಲ, ಲೆಕ್ಕಕ್ಕೆ ಬರುವುದಿಲ್ಲ. ಇದಕ್ಕೂ ಒಂದು ಸಾಲು. ನಿಮ್ಮ ಪ್ಯಾಚ್‌ನ ಮಿತಿಯನ್ನು ನೀವೇ ಮೊದಲು ಹೇಳಿದರೆ ಓದುವವರಿಗೆ ಒಂದು ಧೈರ್ಯ ಬರುತ್ತದೆ, ಇವರು ಹೇಳದ ಜಾಗದಲ್ಲಿ ಹುಳುಕು ಇರಲಿಕ್ಕಿಲ್ಲ ಅಂತ.

ಡೇಟಾಬೇಸ್ ಮಂದಿ ಇಂಥ ಮೂಲೆಗಳನ್ನು ಯಾಕೆ ಕೆದಕುತ್ತಾರೆ ಅಂತ ಗೊತ್ತಾಗಬೇಕಾದರೆ ಪೋಸ್ಟ್‌ಗ್ರೆಸ್ 14.4ರ ಕಥೆ ಓದಿ. ಕ್ರಿಯೇಟ್ ಇಂಡೆಕ್ಸ್ ಕನ್‌ಕರೆಂಟ್ಲಿ (ಟೇಬಲ್‌ಗೆ ಬರೆಯುವವರನ್ನು ತಡೆಯದೆ ಇಂಡೆಕ್ಸ್ ಕಟ್ಟುವುದು) ನಡೆಯುವಾಗ ವ್ಯಾಕ್ಯೂಮ್ ಅದರ ಸಲುವಾಗಿ ಹಳೆಯ ಸಾಲುಗಳನ್ನು ಉಳಿಸಿಕೊಂಡು ಕೂರುವುದು ಬೇಡ ಅನ್ನುವ ಒಂದು ಆಪ್ಟಿಮೈಸೇಶನ್ 2021ರಲ್ಲಿ ಪೋಸ್ಟ್‌ಗ್ರೆಸ್ 14ರ ಜೊತೆ ಹೊರಬಂತು. ನೋಡಲು ಒಳ್ಳೆಯ ಯೋಚನೆ. ಆದರೆ ಕೆಲವು ಸಂದರ್ಭದಲ್ಲಿ ಹೊಸ ಇಂಡೆಕ್ಸ್‌ನಲ್ಲಿ ಒಂದಿಷ್ಟು ಎಂಟ್ರಿಗಳೇ ಇರುತ್ತಿರಲಿಲ್ಲ. ಎರರ್ ಇಲ್ಲ, ಕ್ರ್ಯಾಶ್ ಇಲ್ಲ, ಕ್ವೆರಿಗೆ ಸಾಲುಗಳು ಸಿಗುವುದಿಲ್ಲ ಅಷ್ಟೇ. 2022ರ ಜೂನ್‌ನಲ್ಲಿ ಮಾಮೂಲಿ ವೇಳಾಪಟ್ಟಿ ಬಿಟ್ಟು 14.4 ಹೊರತಂದು ಅದನ್ನು ವಾಪಸ್ ತೆಗೆದರು. ಅಷ್ಟರಲ್ಲಿ ಕಟ್ಟಿದ್ದ ಇಂಡೆಕ್ಸ್‌ಗಳನ್ನು ಬಳಕೆದಾರರು ಪರೀಕ್ಷಿಸಿ, ಕೆಟ್ಟಿದ್ದರೆ ಮತ್ತೆ ಕಟ್ಟಬೇಕಾಯಿತು. ಬೇರೆ ಸಾಫ್ಟ್‌ವೇರ್‌ನಲ್ಲಿ ಬಗ್ ಸರಿಪಡಿಸಿದರೆ ಮುಗಿಯಿತು. ಇಲ್ಲಿ ಬಗ್ ಹೋದರೂ ಅದು ಕೆಡಿಸಿದ ಡೇಟಾ ಡಿಸ್ಕ್ ಮೇಲೆ ಕೂತಿರುತ್ತದೆ. ಹಾಗಾಗಿ "ಹೀಗಾಗುವ ಸಾಧ್ಯತೆ ಕಡಿಮೆ" ಅನ್ನುವ ಉತ್ತರ ಈ ಜನರ ಹತ್ತಿರ ನಡೆಯುವುದಿಲ್ಲ. "ಹೀಗಾಗಲು ಸಾಧ್ಯವಿಲ್ಲ, ಯಾಕೆಂದರೆ ಆಗ ಈ ಲಾಕ್ ಕೈಯಲ್ಲಿರುತ್ತದೆ" ಅನ್ನಬೇಕು.

ಟೆಸ್ಟ್‌ಗೆ ಬರೋಣ. ನೀವು ಹೆಚ್ಚುಕಡಿಮೆ ಹೀಗೆ ಬರೆದಿರುತ್ತೀರಿ: ಟೇಬಲ್‌ಗೆ ಒಂದಿಷ್ಟು ಸಾಲು ತುಂಬಿಸು, ಅಳಿಸು, ಎರಡು ಸೆಕೆಂಡ್ ಕಾಯಿ, ಆಲ್ಟರ್ ಟೇಬಲ್ ಓಡಿಸು, ಕಾಲಂ 1 ಆಗಿದೆಯಾ ನೋಡು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಪ್ರತಿ ಸಲವೂ ಪಾಸ್. ಆದರೆ ಕಮಿಟ್ ಆದ ಮೇಲೆ ಅದು ಬಿಲ್ಡ್‌ಫಾರ್ಮ್‌ನಲ್ಲಿ (ಹೊಸ ಕೋಡನ್ನು ಪರೀಕ್ಷಿಸುವ ನಾನಾ ಬಗೆಯ ಮೆಷಿನ್‌ಗಳ ಗುಂಪು) ಓಡುತ್ತದೆ. ಅಲ್ಲಿ ಹಳೇ ನಿಧಾನದ ಮೆಷಿನ್‌ಗಳಿವೆ, ಮೆಮೊರಿ ತಪ್ಪು ಹುಡುಕುವ ವ್ಯಾಲ್‌ಗ್ರೈಂಡ್ ಅಡಿಯಲ್ಲಿ ತೆವಳುವಂಥವೂ ಇವೆ. ಎರಡು ಸೆಕೆಂಡ್‌ನಲ್ಲಿ ಒಂದು ಕಡೆ ವ್ಯಾಕ್ಯೂಮ್ ಶುರುವೇ ಆಗಿರುವುದಿಲ್ಲ, ಇನ್ನೊಂದು ಕಡೆ ಮುಗಿದೇ ಹೋಗಿರುತ್ತದೆ. ಆಗಾಗ ಫೇಲ್ ಆಗುವ ಟೆಸ್ಟ್ ಕಮಿಟರ್‌ಗೆ ತಲೆನೋವು, ಇಂಥದ್ದನ್ನು ನಂಬಿಕೆ ಇಲ್ಲದೆ ಯಾರೂ ಒಳಗೆ ಬಿಡುವುದಿಲ್ಲ. ವ್ಯಾಕ್ಯೂಮ್‌ನ ಕಾಸ್ಟ್ ಡಿಲೇ ಏರಿಸಿ ಅದನ್ನು ನಿಧಾನ ಮಾಡಬಹುದು, ಪರವಾಗಿಲ್ಲ, ಆದರೂ ಅದು ಗಡಿಯಾರವನ್ನೇ ನಂಬಿದ ಹಾಗಾಯಿತು. ಪೋಸ್ಟ್‌ಗ್ರೆಸ್ 17ರಿಂದ ಇಂಜೆಕ್ಷನ್ ಪಾಯಿಂಟ್ ಅಂತ ಬಂದಿದೆ. ಕೋಡ್‌ನ ಒಂದು ನಿರ್ದಿಷ್ಟ ಜಾಗದಲ್ಲಿ ಪ್ರೋಸೆಸ್ಸನ್ನು ನಿಲ್ಲಿಸಿ ಇಡಬಹುದು. ವರ್ಕರ್ ಟೇಬಲ್ ಲಾಕ್ ಹಿಡಿದ ಮೇಲೆ, ಬೇರೆ ಯಾವ ಒಳಗಿನ ಲಾಕೂ ಕೈಯಲ್ಲಿಲ್ಲದ ಜಾಗದಲ್ಲಿ ನಿಲ್ಲಿಸಿ. ಇನ್ನೊಂದು ಸೆಷನ್‌ನಲ್ಲಿ ಡೆಡ್‌ಲಾಕ್_ಟೈಮ್‌ಔಟ್ ಇಳಿಸಿ ಟೇಬಲ್ಲನ್ನು ಲಾಕ್ ಮಾಡಿ. ಆಮೇಲೆ ಇಷ್ಟು ಸೆಕೆಂಡ್ ಅಂತ ಕಾಯದೆ, ಕಾಲಂ 1 ಆಗುವವರೆಗೆ ಮತ್ತೆ ಮತ್ತೆ ಕೇಳುತ್ತಾ ಇರಿ. ಟ್ಯಾಪ್ ಟೆಸ್ಟ್‌ಗಳಲ್ಲಿ (ಪರ್ಲ್‌ನಲ್ಲಿ ಬರೆಯುವ ಟೆಸ್ಟ್‌ಗಳು) ಅದಕ್ಕೆ ಸಿದ್ಧ ಫಂಕ್ಷನ್ ಇದೆ. ಇಂಜೆಕ್ಷನ್ ಪಾಯಿಂಟ್ ಇಲ್ಲದೆ ಬಿಲ್ಡ್ ಮಾಡಿದ್ದರೆ ಟೆಸ್ಟ್ ತಾನೇ ಸ್ಕಿಪ್ ಆಗಬೇಕು, ಮರೆಯಬೇಡಿ.

ಒಬ್ಬರು ಒಂದು ಹೇಳಿ ಇನ್ನೊಬ್ಬರು ಅದರ ಉಲ್ಟಾ ಹೇಳಿದರೆ ಏನು ಮಾಡುವುದು? ನಿಮಗೆ ಇನ್ನೂ ಹಾಗಾಗಿಲ್ಲ, ಆಗುತ್ತದೆ. ಇಬ್ಬರನ್ನೂ ಖುಷಿಪಡಿಸಲು ಹೋಗಿ ಒಂದೊಂದು ವರ್ಷನ್‌ನಲ್ಲಿ ಒಂದೊಂದು ಕಡೆ ವಾಲಬೇಡಿ, ಪ್ಯಾಚ್ ಗಡಿಯಾರದ ಪೆಂಡುಲಮ್ ಆಗಿಬಿಡುತ್ತದೆ. ಎರಡೂ ದಾರಿಯ ಲಾಭನಷ್ಟ ಒಂದೇ ಮೇಲ್‌ನಲ್ಲಿ ಬರೆದು, "ನಾನು ಇದನ್ನು ಆರಿಸಿದ್ದೇನೆ, ಕಾರಣ ಇದು" ಅಂತ ಹೇಳಿ ಅದನ್ನೇ ಕಳಿಸಿ. ಪ್ಯಾಚ್ ನಿಮ್ಮದು. ನಿಲುವು ತೆಗೆದುಕೊಳ್ಳುವುದೂ ನಿಮ್ಮ ಕೆಲಸವೇ.

ಇನ್ನು ಕಳಿಸುವ ರೀತಿ. ಪ್ರತಿ ಅಂಶವನ್ನು ಉಲ್ಲೇಖಿಸಿ ಅದರ ಕೆಳಗೇ ಉತ್ತರ ಬರೆಯಿರಿ, ಮೇಲೆ ಒಂದು ಪ್ಯಾರಾ ಬರೆದು ಕೆಳಗೆ ಇಡೀ ಹಳೇ ಮೇಲ್ ನೇತು ಹಾಕಬೇಡಿ. ಒಂದನ್ನೂ ಬಿಡಬೇಡಿ. ಮಾಡದೇ ಬಿಟ್ಟದ್ದನ್ನು "ಇದನ್ನು ಮಾಡಿಲ್ಲ, ಕಾರಣ ಇದು" ಅಂತ ಬಾಯಿಬಿಟ್ಟು ಹೇಳಿ. ಹೇಳದೆ ಬಿಟ್ಟದ್ದು ಸಿಕ್ಕಿಬಿದ್ದರೆ ಮುಂದಿನ ಸಲ ಅವರು ಎಲ್ಲವನ್ನೂ ಮೊದಲಿಂದ ಪರೀಕ್ಷಿಸುತ್ತಾರೆ. ಫೈಲ್ ಹೆಸರಿನಲ್ಲಿ ವರ್ಷನ್ ಸಂಖ್ಯೆ ಇರಲಿ, ಗಿಟ್ ಫಾರ್ಮ್ಯಾಟ್-ಪ್ಯಾಚ್‌ಗೆ -v2 ಅಂತ ಕೊಟ್ಟರೆ ಅದೇ ಹಾಕಿಕೊಡುತ್ತದೆ. ಕಳಿಸುವ ಮೊದಲು ಗಿಟ್ ರೇಂಜ್-ಡಿಫ್‌ನಲ್ಲಿ ಹಳೇದು ಹೊಸದು ಹೋಲಿಸಿ ನೋಡಿ. ನೀವು "ಮಾಡಿದೆ" ಅಂದ ಪ್ರತಿಯೊಂದೂ ಅಲ್ಲಿ ಕಾಣಬೇಕು, ನೀವು ಹೇಳದ ಯಾವುದೂ ಕಾಣಬಾರದು. ದಾರಿಯಲ್ಲಿ ಸಿಕ್ಕ ಹಳೇ ಕೋಡನ್ನು ಸ್ವಚ್ಛ ಮಾಡುವ ಆಸೆ ಬಂದರೆ ಅದನ್ನು ಬೇರೆ ಪ್ಯಾಚ್ ಮಾಡಿ, 0001 ಸ್ವಚ್ಛತೆ, 0002 ಹೊಸ ಕಾಲಂ ಅಂತ. 0001 ಚೆನ್ನಾಗಿದ್ದರೆ ಅದನ್ನು ಮೊದಲೇ ಕಮಿಟ್ ಮಾಡಿಬಿಡುವುದೂ ಉಂಟು.

ಸಣ್ಣದಾದರೂ ಬಹಳ ಜನ ಮರೆಯುವ ವಿಷಯ ಒಂದಿದೆ. ಕಮಿಟ್‌ಫೆಸ್ಟ್ (ಬಾಕಿ ಪ್ಯಾಚ್‌ಗಳನ್ನು ಒಟ್ಟಿಗೆ ರಿವ್ಯೂ ಮಾಡುವ ಅವಧಿ) ಪಟ್ಟಿಯಲ್ಲಿ ನಿಮ್ಮ ಪ್ಯಾಚ್ ಈಗ ಬಹುಶಃ "ವೇಟಿಂಗ್ ಆನ್ ಆಥರ್" ಸ್ಥಿತಿಯಲ್ಲಿದೆ, ರಿವ್ಯೂ ಮಾಡಿದವರು ಹಾಗೆ ಬದಲಿಸಿರುತ್ತಾರೆ. ಹೊಸ ವರ್ಷನ್ ಕಳಿಸಿದ ಮೇಲೆ ಅದನ್ನು "ನೀಡ್ಸ್ ರಿವ್ಯೂ" ಅಂತ ನೀವೇ ಬದಲಿಸಬೇಕು. ತಾನಾಗಿ ಬದಲಾಗುವುದಿಲ್ಲ. ಇಷ್ಟು ಕೆಲಸ ಮಾಡಿ ಇದನ್ನು ಮರೆತರೆ, ಚೆಂಡು ಇನ್ನೂ ನಿಮ್ಮ ಅಂಗಳದಲ್ಲೇ ಇದೆ ಅಂದುಕೊಂಡು ಯಾರೂ ಪ್ಯಾಚ್ ತೆರೆಯುವುದಿಲ್ಲ. ಜುಲೈ, ಸೆಪ್ಟೆಂಬರ್, ನವೆಂಬರ್, ಜನವರಿ, ಮಾರ್ಚ್‌ನಲ್ಲಿ ಕಮಿಟ್‌ಫೆಸ್ಟ್ ನಡೆಯುತ್ತದೆ, ಏಪ್ರಿಲ್‌ಗೆ ಫೀಚರ್ ಫ್ರೀಜ್, ಆಮೇಲೆ ಆ ವರ್ಷನ್‌ಗೆ ಹೊಸ ಫೀಚರ್ ಸೇರಿಸುವುದಿಲ್ಲ. ಮಾರ್ಚ್‌ನಲ್ಲಿ ಎಲ್ಲರ ಕೈಯಲ್ಲೂ ವಿಪರೀತ ಕೆಲಸ ಇರುತ್ತದೆ, ಮೊದಲ ಪ್ಯಾಚ್‌ಗೆ ಜುಲೈ ಅಥವಾ ಸೆಪ್ಟೆಂಬರ್ ವಾಸಿ. ನಡುವೆ ಪ್ಯಾಚ್ ಮಾಸ್ಟರ್ (ಇತ್ತೀಚಿನ ಮೂಲ ಕೋಡ್) ಮೇಲೆ ಅಪ್ಲೈ ಆಗದಂತಾದರೆ, ಪಟ್ಟಿಯ ಪ್ಯಾಚ್‌ಗಳನ್ನು ತಾನಾಗಿ ಪರೀಕ್ಷಿಸುವ ಸಿಎಫ್‌ಬಾಟ್ ಕೆಂಪು ತೋರಿಸುತ್ತದೆ. ಯಾರಾದರೂ ಹೇಳುವವರೆಗೆ ಕಾಯದೆ ರೀಬೇಸ್ ಮಾಡಿ (ಹೊಸ ಮೂಲ ಕೋಡ್‌ಗೆ ಹೊಂದಿಸಿ) ಕಳಿಸಿ, "ಬರೀ ರೀಬೇಸ್, ಬೇರೆ ಬದಲಾವಣೆ ಇಲ್ಲ" ಅಂತ ಒಂದು ಸಾಲು ಜೊತೆಗೆ.

ಹೊಸ ವರ್ಷನ್‌ನ ಕಮಿಟ್ ಮೆಸೇಜ್‌ನಲ್ಲಿ ರಿವ್ಯೂಡ್-ಬೈ ಅಂತ ಇಬ್ಬರ ಹೆಸರೂ ಹಾಕಿ, ಕಾಲಂ ಬೇಡ ಅಂದವರದೂ ಸೇರಿ. ಆಮೇಲೆ ಕಾಯುವ ಹೊತ್ತಿನಲ್ಲಿ ಪಟ್ಟಿಯಿಂದ ನಿಮ್ಮದರಷ್ಟೇ ಗಾತ್ರದ ಬೇರೆಯವರ ಪ್ಯಾಚ್ ಒಂದನ್ನು ತೆಗೆದುಕೊಂಡು ರಿವ್ಯೂ ಮಾಡಿ. ಪೋಸ್ಟ್‌ಗ್ರೆಸ್‌ನಲ್ಲಿ ಪ್ಯಾಚ್ ಕಳಿಸುವವರಿಂದ ಇದನ್ನು ನಿರೀಕ್ಷಿಸುತ್ತಾರೆ. ಅಪ್ಲೈ ಮಾಡಿ, ಬಿಲ್ಡ್ ಮಾಡಿ, ಟೆಸ್ಟ್ ಓಡಿಸಿ, ಡಾಕ್ಯುಮೆಂಟೇಶನ್ ಓದಿ ಎಲ್ಲಿ ತೊಡರಿತು ಅಂತ ಬರೆದರೂ ಅದು ರಿವ್ಯೂನೇ.